ಲಾಕ್ ತೆಗೆಸಿದ ಗಾಡಿ

ಖಂಡೆಪ್ಪನಿಗೆ ಕೈ ಮೊದಲು, ಮಾತು ಆಮೇಲೆ. ಕಲಬುರಗಿಯ ಸುತ್ತಮುತ್ತ ಮುರುಮು ಮಣ್ಣು ಹೊಡೆಯುವ ಟಿಪ್ಪರುಗಳ ಮಾಲೀಕ ಅವನು. ಡ್ರೈವರುಗಳಿಗೆ ಬಡಿಯುತ್ತಿದ್ದ, ಹಮಾಲರಿಗೆ ಬಡಿಯುತ್ತಿದ್ದ, ಸಾಲದ್ದಕ್ಕೆ ಮನೆಗೆ ಬಂದು ಹೆಂಡತಿ ಸುನಂದಾಗೆ ಬಡಿಯುತ್ತಿದ್ದ. ಬಡಿದು ಮುಗಿದ ಮೇಲೆ ಅವನಿಗೆ ಹಸಿವಾಗುತ್ತಿತ್ತು, ಬಿಸಿ ರೊಟ್ಟಿ ಬೇಕಾಗುತ್ತಿತ್ತು. ಒಡೆದ ತುಟಿಯನ್ನು ಸೆರಗಿನಿಂದ ಒತ್ತಿಕೊಂಡು ಆಕೆ ಹಿಟ್ಟು ನಾದಲು ಕೂರುತ್ತಿದ್ದಳು. ಓಣಿಯವರಿಗೆ ಎಲ್ಲ ಕೇಳಿಸುತ್ತಿತ್ತು. ಕೇಳಿಸಿದಾಗ ಅವರು ಟಿವಿಯ ದನಿ ಏರಿಸುತ್ತಿದ್ದರು. ಇಂಥ ಓಣಿಗೆ ಏನು ಹೇಳಬೇಕೋ ನನಗಂತೂ ತಿಳಿಯದು.

ಇಂಥ ಮನುಷ್ಯ ಆಟೋಮ್ಯಾಟಿಕ್ ಕಾರು ಕೊಂಡ. ಕ್ಲಚ್ಚಿಲ್ಲದ ಗಾಡಿಯೇ ದೊಡ್ಡವರ ಗಾಡಿ ಎಂದು ಯಾರೋ ಅವನ ಕಿವಿಯಲ್ಲಿ ಊದಿದ್ದರು. ಗೇರಿನ ಹಿಡಿಕೆಯ ಪಕ್ಕದಲ್ಲಿ ಪಿ, ಆರ್, ಎನ್, ಡಿ ಎಂದು ಅಕ್ಷರಗಳಿದ್ದವು. ಪಿ ಅಂದರೆ ನಿಲ್ಲಿಸಿ ಹೋಗುವಾಗ, ಆರ್ ಅಂದರೆ ಹಿಂದಕ್ಕೆ, ಎನ್ ಅಂದರೆ ಗೇರೇ ಇಲ್ಲ, ಡಿ ಅಂದರೆ ಮುಂದಕ್ಕೆ. ಇಷ್ಟೇ ವಿದ್ಯೆ. ಆದರೆ ಆ ಗಾಡಿಗೆ ಒಂದು ಹಟವಿತ್ತು. ಬ್ರೇಕಿನ ಮೇಲೆ ಕಾಲಿಟ್ಟು ಒತ್ತದೆ ಹಿಡಿಕೆ ಪಿ ಬಿಟ್ಟು ಕದಲುತ್ತಿರಲಿಲ್ಲ. ನಿಲ್ಲಿಸಿದ ಮೇಲೆ ಹಿಡಿಕೆ ಪಿಗೆ ಬಾರದೆ ಚಾವಿ ಹೊರಗೆ ಬರುತ್ತಿರಲಿಲ್ಲ. ಹೆತ್ತ ತಂದೆಯ ಮಾತನ್ನೂ ಕೇಳದ ಖಂಡೆಪ್ಪ ದಿನಾ ಬೆಳಗಾದರೆ ಒಂದು ಹಿಡಿಕೆಯ ಮಾತು ಕೇಳಬೇಕಾಯಿತು. ಅವನಿಗೆ ಮೈ ಉರಿಯುತ್ತಿತ್ತು.

ಒಂದು ಸೋಮವಾರ ಹೆಂಡತಿಯನ್ನು ಕೂರಿಸಿಕೊಂಡು ಶರಣಬಸವೇಶ್ವರ ಗುಡಿಗೆ ಹೋದ. ಗಾಡಿಯನ್ನು ಅರ್ಧ ರಸ್ತೆಗೆ ಅಡ್ಡವಾಗಿಯೇ ನಿಲ್ಲಿಸಿದ. ಕಾಯಿ ಒಡೆಸಿ ತಿರುಗಿ ಬಂದು ಬ್ರೇಕ್ ಒತ್ತಿದರೆ ಹಿಡಿಕೆ ಬರಲೊಲ್ಲದು. ಮತ್ತೆ ಒತ್ತಿದ, ಮತ್ತೆ ಎಳೆದ. ಎರಡೂ ಕೈ ಹಾಕಿ ಜಗ್ಗಿದ. ಹಿಂದೆ ಆಟೋಗಳು, ಸಿಟಿ ಬಸ್ಸು, ಕಾಲೇಜಿನ ಹುಡುಗಿಯರ ಸ್ಕೂಟಿಗಳು, ಎಲ್ಲವೂ ಹಾರನ್ ಒತ್ತತೊಡಗಿದವು. ಆಟೋದವನೊಬ್ಬ ಇಳಿದು ಬಂದು ಒಳ್ಳೆಯ ಮನಸ್ಸಿನಿಂದಲೇ ಕಿಟಕಿಯಲ್ಲಿ ಬಗ್ಗಿ ಹೇಳಿದ:

"ಅಣ್ಣಾರ, ಅದಕ್ಕ ಬ್ರೇಕ್ ಒತ್ತಬೇಕ್ರಿ."

ಯಾರೋ ನಕ್ಕರು. ನಕ್ಕವರು ಯಾರೆಂದು ಖಂಡೆಪ್ಪನಿಗೆ ಕಾಣಲಿಲ್ಲ, ಆಟೋದವನು ಕಂಡ. ಬಾಗಿಲು ತೆರೆದವನೇ ಅವನ ಕುತ್ತಿಗೆ ಹಿಡಿದು ಮುಖವನ್ನು ಅವನದೇ ಆಟೋದ ಕಬ್ಬಿಣದ ಸರಳಿಗೆ ಗುದ್ದಿದ. ಒಮ್ಮೆಗೆ ಸಮಾಧಾನವಾಗದೆ ಮತ್ತೆ ಗುದ್ದಿದ. ರಕ್ತದ ಜೊತೆಗೆ ಒಂದು ಹಲ್ಲು ಡಾಂಬರಿನ ಮೇಲೆ ಬಿತ್ತು. ಸುನಂದಾ ಮಡಿಲಲ್ಲಿದ್ದ ಕಾಯಿಯ ಹೋಳುಗಳನ್ನು ನೋಡುತ್ತ ಕೂತಿದ್ದಳು. ಇವತ್ತಿನ ಸಿಟ್ಟು ಇಲ್ಲೇ ತೀರಲಿ, ಮನೆತನಕ ಬಾರದಿರಲಿ ಎಂದು ಬೇಡಿಕೊಂಡಳು. ಹಾಗೆ ಬೇಡಿಕೊಂಡದ್ದಕ್ಕೆ ಅವಳಿಗೆ ತನ್ನ ಮೇಲೆಯೇ ಹೇಸಿಗೆಯೂ ಆಯಿತು.

ಫೋನ್ ಮಾಡಿದ ಮೇಲೆ ಮೋಮಿನಪುರದ ಗ್ಯಾರೇಜಿನಿಂದ ಇಮಾಮುದ್ದೀನ್ ಮಿಸ್ತ್ರಿ ಬೈಕಿನಲ್ಲಿ ಬಂದ. ಹಿಡಿಕೆಯ ಪಕ್ಕದ ಒಂದು ಸಣ್ಣ ಮುಚ್ಚಳ ಎಬ್ಬಿಸಿ, ಒಳಗೆ ಸ್ಕ್ರೂಡ್ರೈವರಿನ ತುದಿ ಒತ್ತಿದ. ಹಿಡಿಕೆ ಮೆತ್ತಗೆ ಸರಿದು ಬಂತು. ಗಾಡಿಯನ್ನು ಗ್ಯಾರೇಜಿಗೆ ಒಯ್ದ ಮೇಲೆ ಅವನು ವಿವರಿಸಿದ. ಖಂಡೆಪ್ಪ ಬೀಡಿ ಸೇದುತ್ತಿದ್ದ. ಕಿವಿಗೊಟ್ಟು ಕೇಳಿದವಳು ಕಾರಿನೊಳಗೆ ಕೂತಿದ್ದ ಸುನಂದಾ.

"ನೀವು ಬ್ರೇಕ್ ಒತ್ತಿದ ಕೂಡ್ಲೆ ಪೆಡಲ್ ಬುಡಕಿನ ಸ್ವಿಚ್ಚಿನಿಂದ ಕರೆಂಟ್ ಹೊಂಡತದ ಸಾವಕಾರ್ರ. ಅದರಿಂದನೇ ಹಿಂದಿನ ಕೆಂಪ ಲೈಟ್ ಹತ್ತತಾವ. ಅದೇ ಕರೆಂಟು ಈ ಹಿಡಿಕಿ ಬುಡಕ್ಕ ಬಂದು ಒಂದು ಸಣ್ಣ ಕಬ್ಬಿಣದ ಕಡ್ಡಿ ಎಳೀತದ. ಕಡ್ಡಿ ಸರದ್ರ ಹಿಡಿಕಿ ಬಿಡತದ, ಇಲ್ಲಂದ್ರ ಬಿಡಂಗಿಲ್ಲ. ನಿಮ್ಮ ಸ್ವಿಚ್ಚು ಸತ್ತದ. ನಾಳೆ ಹೊಸದು ಹಾಕ್ತೀನಿ."

"ಸ್ವಿಚ್ಚು ಬ್ಯಾಡ. ಆ ಲಾಕೇ ತಗಿ."

"ಅದು ಸಣ್ಣ ಕೂಸುಗಳ ಸಲುವಾಗಿ ಇಟ್ಟಾರ್ರಿ. ಕೂಸು ಗಾಡ್ಯಾಗ ಕುಂತು ಆಡಕೋತ ಹಿಡಿಕಿ ಎಳದ್ರ ಗಾಡಿ ಹರದು ಹೋಗಬಾರದಲ್ರಿ."

ಖಂಡೆಪ್ಪ ಬೀಡಿ ಎಸೆದ. ಮಿಸ್ತ್ರಿಯ ಕತ್ತು ಹಿಡಿದು, ಎಣ್ಣೆ ಸುರಿದಿದ್ದ ಕಬ್ಬಿಣದ ಮೇಜಿಗೆ ಕೆನ್ನೆ ಒತ್ತಿ ಹಿಡಿದ. "ನನಗ ಬ್ರೇಕ್ ಒತ್ತು ಅನ್ನಾಕ ಇದ್ಯಾವುದು? ಹೇಳಾಕ ನೀ ಯಾರು?"

ಇಮಾಮುದ್ದೀನ್ ಎದ್ದು ಕೆನ್ನೆ ಒರೆಸಿಕೊಂಡ. ಸ್ಕ್ರೂಡ್ರೈವರ್ ಒತ್ತಿದ್ದ ಆ ಕಿಂಡಿಯೊಳಗೆ ಟ್ಯೂಬಿನ ರಬ್ಬರ್ ಚೂರು ಗಟ್ಟಿಯಾಗಿ ತುರುಕಿದ, ಅದು ಸದಾ ಒತ್ತಿಕೊಂಡೇ ಇರುವಂತೆ. ಚಾವಿಯನ್ನು ಹಿಡಿದಿಡುವ ಕೇಬಲ್ಲನ್ನೂ ಕತ್ತರಿಸಿದ. ಈಗ ಕಾಲಿನ ಅಪ್ಪಣೆ ಇಲ್ಲದೆ ಹಿಡಿಕೆ ಎಲ್ಲಿಗೆ ಬೇಕಾದರೂ ಹೋಗುತ್ತಿತ್ತು, ಚಾವಿ ಯಾವಾಗ ಬೇಕಾದರೂ ಬರುತ್ತಿತ್ತು. ಖಂಡೆಪ್ಪ ಒಮ್ಮೆ ಹಿಂದೆ ಮುಂದೆ ಆಡಿಸಿ ನೋಡಿ ತೃಪ್ತಿಯಿಂದ ನಕ್ಕ. ಅವನು ನೀರು ಕುಡಿಯಲು ಹೋದಾಗ ಮಿಸ್ತ್ರಿ ಸುನಂದಾಳ ಕಿಟಕಿಯ ಬಳಿ ಬಂದ.

"ಅಕ್ಕಾರ, ಪಿದಾಗ ಇಟ್ರ ಒಳಗ ಒಂದು ಕಬ್ಬಿಣದ ಹಲ್ಲು ಬಿದ್ದು ಗಾಡಿ ಹಿಡೀತದ. ಡಿದಾಗ ಬಿಟ್ಟು ಎಂಜಿನ್ ಬಂದ್ ಮಾಡಿದ್ರ ಏನೂ ಹಿಡಿಯಂಗಿಲ್ಲ. ಇಷ್ಟು ನೆನಪಿಡ್ರಿ."

ನೆನಪಿಡಬೇಕಾದವನು ಖಂಡೆಪ್ಪ. ಆದರೆ ಅವನು ಟಿಪ್ಪರಿನ ಮೇಲೆ ಬೆಳೆದವನು. ಇಳಿಜಾರಿನಲ್ಲಿ ಟಿಪ್ಪರ್ ನಿಲ್ಲಿಸಿದರೆ ಗೇರಿನಲ್ಲೇ ಬಿಡುವುದು, ಹ್ಯಾಂಡ್ ಬ್ರೇಕನ್ನು ಹೆಸರಿಗಷ್ಟೇ ಎಳೆಯುವುದು, ಟೈರಿಗೊಂದು ಕಲ್ಲು ಕೊಡುವುದು; ಅವನ ಕಡೆಯ ಡ್ರೈವರುಗಳೆಲ್ಲ ಮಾಡುವುದು ಹೀಗೆಯೇ. ಗೇರಿನಲ್ಲಿದ್ದ ಗಾಡಿ ಕದಲುವುದಿಲ್ಲ ಎಂಬುದು ಅವನಿಗೆ ದೇವರ ಮೇಲಿನ ನಂಬಿಕೆಗಿಂತ ಗಟ್ಟಿ. ಹಾಗಾಗಿ ಈ ಕಾರನ್ನೂ ಅವನು ಡಿಯಲ್ಲೇ ಬಿಟ್ಟು, ಹ್ಯಾಂಡ್ ಬ್ರೇಕನ್ನು ಸಡಿಲವಾಗಿ ಎಳೆದು, ಚಾವಿ ಜೇಬಿಗೆ ಹಾಕಿಕೊಂಡು ಇಳಿಯುತ್ತಿದ್ದ. ಮೊದಲಾಗಿದ್ದರೆ ಗಾಡಿ ಚಾವಿ ಕೊಡುತ್ತಿರಲಿಲ್ಲ, ಜಗಳ ತೆಗೆಯುತ್ತಿತ್ತು. ಈಗ ಅದರ ಬಾಯಿ ಮುಚ್ಚಿಸಿಯಾಗಿತ್ತು.

ಮನೆಯ ಅಂಗಳ ಪಡಸಾಲೆಯಿಂದ ಗೇಟಿನ ಕಡೆಗೆ ಸ್ವಲ್ಪ ಇಳಿಜಾರು. ದಿನಾ ಸಂಜೆ ಅವನು ಒಳಗೆ ಹೋಗಿ ಕಾಲು ಚಾಚಿದ ಮೇಲೆ ಸುನಂದಾ ಸದ್ದಿಲ್ಲದೆ ಬಂದು ಕಾರಿನ ಬಾಗಿಲು ತೆರೆದು ಹಿಡಿಕೆಯನ್ನು ಪಿಗೆ ದೂಡುತ್ತಿದ್ದಳು. ಒಳಗೆಲ್ಲೋ 'ಕಟ್' ಎಂದು ಹಲ್ಲು ಬೀಳುತ್ತಿತ್ತು. ಆ ಮನೆಯಲ್ಲಿ ಅವಳು ತಾನಾಗಿ ಮಾಡುತ್ತಿದ್ದ ಕೆಲಸ ಅದೊಂದೇ, ಅದರಲ್ಲಿ ಅವಳಿಗೆ ಒಂದು ಬಗೆಯ ಸುಖವಿತ್ತು. ಮಗಳು ಅಂಬಿಕಾ, ಇನ್ನೂ ಒಂದನೆಯ ತರಗತಿಯ ಕೂಸು, ಪಡಸಾಲೆಯ ಕಂಬಕ್ಕೆ ಆತುಕೊಂಡು ಇದನ್ನು ನೋಡುತ್ತಿತ್ತು. ಕೂಸು ನೋಡಿದ್ದನ್ನು ಮಾಡದೆ ಬಿಡುತ್ತದೆಯೇ?

ಒಂದು ಭಾನುವಾರ ಬೆಳಿಗ್ಗೆ ಅಂಬಿಕಾ ಕಾರಿನೊಳಗೆ ಹೋಗಿ ಕೂತಳು. ಅಪ್ಪನ ಹಾಗೆ ಹ್ಯಾಂಡ್ ಬ್ರೇಕ್ ಇಳಿಸಿದಳು, ಅವ್ವನ ಹಾಗೆ ಹಿಡಿಕೆ ಸರಿಸಿದಳು. ಲಾಕ್ ಇದ್ದಿದ್ದರೆ ಕೂಸು ಎಷ್ಟು ಜಗ್ಗಿದರೂ ಹಿಡಿಕೆ ಕದಲುತ್ತಿರಲಿಲ್ಲ. ಕಾರು ಹಿಂದಕ್ಕೆ ಹರಿಯಿತು. ತಾನೇ ಓಡಿಸುತ್ತಿದ್ದೇನೆಂದು ಅವಳು ಸ್ಟೇರಿಂಗ್ ಹಿಡಿದು ಕಿಲಕಿಲ ನಕ್ಕಳು. ಕಾರು ಗೇಟಿಗೆ ಬಡಿದು ನಿಂತಿತು. ಹಿಂದಿನ ಲೈಟು ಪುಡಿಯಾಯಿತು.

ಮುಖದ ತುಂಬ ಸೋಪು ಹಚ್ಚಿಕೊಂಡಿದ್ದ ಖಂಡೆಪ್ಪ ಹಾಗೆಯೇ ಓಡಿ ಬಂದ. ಕೂಸಿಗೆ ಪೆಟ್ಟಾಗಿದೆಯೇ ಎಂದು ನೋಡಲಿಲ್ಲ, ಲೈಟು ನೋಡಿದ. ರಟ್ಟೆ ಹಿಡಿದು ಹೊರಗೆಳೆದು, ಅದೇ ಕೈಯನ್ನು ಬೆನ್ನ ಹಿಂದೆ ತಿರುವಿದ. ಸುನಂದಾ ಅಡುಗೆಮನೆಯಿಂದ ಓಡಿ ಬರುವಷ್ಟರಲ್ಲಿ 'ಕಟ್' ಎಂಬ ಸದ್ದು ಕೇಳಿತು. ಅವಳಿಗೆ ದಿನಾ ಸಂಜೆ ಕೇಳಿ ಗೊತ್ತಿದ್ದ ಸದ್ದು, ಆದರೆ ಈ ಸಲ ಅದು ಮಗಳ ಮೈಯಿಂದ ಬಂದಿತ್ತು.

ಆಸ್ಪತ್ರೆಯಲ್ಲಿ ಕೂಸು ಮೆಟ್ಟಿಲಿನಿಂದ ಬಿತ್ತು ಎಂದರು. ಡಾಕ್ಟರು ಪ್ಲಾಸ್ಟರ್ ಹಾಕಿ ಏನೂ ಕೇಳದೆ ಕಳಿಸಿದರು. ಅಂಬಿಕಾ ಅವತ್ತಿನಿಂದ ಮಾತು ಬಿಟ್ಟಳು. ಗಾಡಿಯ ಸದ್ದು ಕೇಳಿದರೆ ಬಾಗಿಲ ಸಂದಿಗೆ ಹೋಗಿ ನಿಲ್ಲುತ್ತಿದ್ದಳು. ತನಗೆ ಬಿದ್ದ ಏಟುಗಳನ್ನೆಲ್ಲ ಸುನಂದಾ ನುಂಗಿದ್ದಳು, ಇದನ್ನು ನುಂಗಲಾಗಲಿಲ್ಲ. ಖಂಡೆಪ್ಪ ಮುರುಮಿನ ಗಣಿಗೆ ಹೋದ ಹೊತ್ತು ನೋಡಿ ಕಮಲಾಪುರದಿಂದ ತನ್ನ ತಾಯಿ ಚಂದಮ್ಮನನ್ನು ಕರೆಸಿ ಮಗಳನ್ನು ಬಸ್ ಹತ್ತಿಸಿದಳು. ಈ ಕೂಸು ಇನ್ನು ಈ ಮನೆಯ ಹೊಸಿಲು ತುಳಿಯಬಾರದು. ಅವಳ ತಲೆಯಲ್ಲಿ ಉಳಿದದ್ದು ಅದೊಂದೇ.

ರಾತ್ರಿ ಗಣಿಯಲ್ಲೇ ಉಳಿದು ಮರುದಿನ ಮಧ್ಯಾಹ್ನ ಊಟಕ್ಕೆ ಬಂದ ಖಂಡೆಪ್ಪನಿಗೆ ವಿಷಯ ತಿಳಿಯಿತು. ತಾಟು ಗೋಡೆಗೆ ಹಾರಿತು. ಆಮೇಲೆ ಸುನಂದಾ ಹಾರಿದಳು. ಹೊಟ್ಟೆಗೆ ಒದ್ದ, ಕೂದಲು ಹಿಡಿದು ತಲೆಯನ್ನು ನೆಲದ ಫರ್ಸಿ ಕಲ್ಲಿಗೆ ಚಚ್ಚಿದ, ಒಂದು ಕಣ್ಣು ಮುಚ್ಚಿ ಹೋಗುವ ತನಕ ಮುಷ್ಟಿಯಿಂದ ಗುದ್ದಿದ. ಓಣಿಯ ಟಿವಿಗಳೆಲ್ಲ ಜೋರಾದವು. ಕೊನೆಗೆ ದರದರ ಎಳೆದು ತಂದು ಕಾರಿನಲ್ಲಿ ಎಸೆದ.

"ನಡಿ, ಕಮಲಾಪುರಕ್ಕ. ನನ್ನ ಕೂಸು ಬಚ್ಚಿಡಾಕ ನಿಮ್ಮವ್ವಗ ಎಷ್ಟು ಸೊಕ್ಕದ ನೋಡ್ತೀನಿ."

ಕಾರು ಮಹಾಗಾಂವ್ ಕ್ರಾಸ್ ದಾಟಿತು. ಸುನಂದಾಳ ಬಾಯಲ್ಲಿ ರಕ್ತವಿತ್ತು. ಅದನ್ನು ನುಂಗಿ, ಒಂದೇ ಕಣ್ಣಿನಿಂದ ರಸ್ತೆ ನೋಡುತ್ತ ಹೇಳಿದಳು:

"ನನ್ನ ಕೊಂದು ಹಾಕ್ರಿ ಬೇಕಾದ್ರ. ಕೂಸಿನ್ನ ಮಾತ್ರ ಕೊಡಂಗಿಲ್ಲ."

ಮದುವೆಯಾಗಿ ಇಷ್ಟು ವರ್ಷದಲ್ಲಿ ಆಕೆ ಅವನಿಗೆ ಎದುರಾಡಿದ್ದು ಇದೇ ಮೊದಲು. ಖಂಡೆಪ್ಪ ಅವಳ ಕಡೆ ತಿರುಗಿ ನೋಡಿದ. ಕಮಲಾಪುರ ಇನ್ನೇನು ಬರುವುದಿತ್ತು. ಹೆದ್ದಾರಿ ಹೊಸದಾದ ಮೇಲೆ ಜನ ಬಿಟ್ಟ ಹಳೆಯ ರಸ್ತೆಯ ತುಂಡೊಂದು ಅಲ್ಲಿ ಗುಡ್ಡದ ಕೆಳಗೆ ಇಳಿದು, ತಿರುವಿನಲ್ಲಿ ಒಂದು ಮೋರಿಯ ಸಣ್ಣ ಸೇತುವೆ ದಾಟಿ ಹೋಗುತ್ತದೆ. ಕಾರನ್ನು ಅತ್ತ ತಿರುಗಿಸಿದ. ಇಳಿಜಾರಿನ ನಡುವೆ, ಮೋರಿಯ ಕಲ್ಲುಕಟ್ಟೆ ಎದುರಿಗೆ ಕಾಣುವಂತೆ ನಿಲ್ಲಿಸಿದ. ಎಂಜಿನ್ ಬಂದ್ ಮಾಡಿದ. ಹಿಡಿಕೆ ಡಿಯಲ್ಲೇ ಇತ್ತು. ಹ್ಯಾಂಡ್ ಬ್ರೇಕನ್ನು ಎಂದಿನಂತೆ ಸಡಿಲವಾಗಿ ಎಳೆದ. ಆಕೆ ಗಾಡಿ ಹೊಡೆದುಕೊಂಡು ಓಡದಿರಲೆಂದು ಚಾವಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಇಳಿದ.

ಇಳಿದವನು ರಸ್ತೆಯ ಬದಿಯಲ್ಲಿ ಕಲ್ಲು ಹುಡುಕತೊಡಗಿದ. ಟೈರಿಗೆ ಕೊಡಲು ಇರಬೇಕು ಎಂದುಕೊಂಡಳು ಸುನಂದಾ. ಇಳಿಜಾರಿನಲ್ಲಿ ಅವನ ಪದ್ಧತಿಯೇ ಅದು. ಒಂದು ಕಲ್ಲು ಎತ್ತಿ ತೂಕ ನೋಡಿ ಬಿಸಾಡಿದ. ಅದಕ್ಕಿಂತ ದೊಡ್ಡದನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. ಅವನು ಟೈರು ನೋಡಲಿಲ್ಲ. ಅವಳನ್ನು ನೋಡುತ್ತ ಬಂದ.

ಅವಳು ಬಾಗಿಲುಗಳಿಗೆ ಲಾಕ್ ಹಾಕುವ ಗುಂಡಿ ಒತ್ತಿದಳು. ಅವನು ಎರಡು ಸಲ ಬಾಗಿಲು ಜಗ್ಗಿದ, ಬರಲಿಲ್ಲ. ಮತ್ತೊಂದು ಲಾಕು! ಚಾವಿ ತನ್ನ ಜೇಬಿನಲ್ಲೇ ಇದೆ ಎಂಬುದೂ ಆ ಸಿಟ್ಟಿನಲ್ಲಿ ಅವನಿಗೆ ಹೊಳೆಯಲಿಲ್ಲ. ಖಂಡೆಪ್ಪನ ಬಾಯಿಂದ ಮನುಷ್ಯರದಲ್ಲದ ಸದ್ದೊಂದು ಬಂತು. ಕಾರಿನ ಮುಂದೆ ಬಂದು ನಿಂತು, ಕಲ್ಲನ್ನು ತಲೆಯ ಮೇಲೆತ್ತಿ ಮುಂದಿನ ಗಾಜಿಗೆ ಹಾಕಿದ. ಗಾಜು ಬಿರಿಯಿತು. ಕಲ್ಲನ್ನು ಮತ್ತೆ ಎತ್ತಿ ಹಾಕಿದ. ಗಾಜಿನಲ್ಲಿ ಕಿಂಡಿಯಾಗಿ ಕಲ್ಲು ಒಳಗೆ ನುಗ್ಗಿ ಅವಳ ಭುಜ ಜಜ್ಜಿ ಸೀಟಿನ ಮೇಲೆ ಬಿತ್ತು. ಅವನು ಬಾನೆಟ್ಟಿನ ಮೇಲೆ ಬಗ್ಗಿ, ಕಿಂಡಿಯೊಳಗೆ ಕೈ ತೂರಿಸಿ, ಅವಳ ಕೂದಲಿಗೆ ಹುಡುಕಾಡಿದ. ಕೈಯಿಂದ ರಕ್ತ ಸುರಿಯುತ್ತಿದ್ದುದು ಅವನಿಗೆ ಲೆಕ್ಕಕ್ಕೇ ಇರಲಿಲ್ಲ.

ಸುನಂದಾಳ ಕೈ ಪಕ್ಕದಲ್ಲಿದ್ದ ಹ್ಯಾಂಡ್ ಬ್ರೇಕಿಗೆ ತಗುಲಿತು. ಡಿಯಲ್ಲಿ ಬಿಟ್ಟರೆ ಏನೂ ಹಿಡಿಯುವುದಿಲ್ಲ ಎಂದಿದ್ದ ಮಿಸ್ತ್ರಿ. ತುದಿಯ ಗುಂಡಿ ಒತ್ತಿ ಇಳಿಸಿದಳು.

ಕಾರು ಮೊದಲು ಮೆಲ್ಲಗೆ, ಆಮೇಲೆ ರಭಸವಾಗಿ ಹರಿಯಿತು. ಖಂಡೆಪ್ಪ ಕೈ ಹೊರಗೆಳೆದುಕೊಂಡು, ಪಕ್ಕಕ್ಕೆ ಹಾರುವುದನ್ನು ಬಿಟ್ಟು, ಎರಡೂ ಅಂಗೈ ಬಾನೆಟ್ಟಿಗೆ ಕೊಟ್ಟು ತಡೆಯಲು ನೋಡಿದ. ಅವನಿಗೆ ಎದುರಾದದ್ದೆಲ್ಲ ಇಲ್ಲಿಯತನಕ ಅವನ ಕೈಗೆ ನಿಂತಿತ್ತು, ಇದು ನಿಲ್ಲಲಿಲ್ಲ. ಹಿಂದಕ್ಕೆ ಎಡವುತ್ತ ಎಡವುತ್ತ ಹೋಗಿ ಮೋರಿಯ ಕಟ್ಟೆಗೆ ಬೆನ್ನು ಹತ್ತಿದ್ದೇ, ಬಂಪರು ತೊಡೆಗಳಿಗೆ ಬಂದು ಬಡಿಯಿತು. ಎರಡೂ ಕಾಲಿನ ಎಲುಬು ಮುರಿದ ಸದ್ದು ಒಡೆದ ಗಾಜಿನ ಒಳಗೂ ಕೇಳಿಸಿತು. ಅವನು ಚೀರಿದ ಚೀರಾಟಕ್ಕೆ ಮೋರಿಯ ಕೆಳಗಿನಿಂದ ಪಾರಿವಾಳಗಳು ಹಾರಿ ಹೋದವು.

"ಹಿಂದ ತಗಿ! ನಿನ್ನ ಕಾಲಿಗೆ ಬೀಳ್ತೀನಿ, ಹಿಂದ ತಗಿ! ಸುನಂದಾ!"

ಹೆಸರು ಹಿಡಿದು ಕರೆದ. ಇಷ್ಟು ವರ್ಷ ಅವಳು ಅವನ ಬಾಯಲ್ಲಿ 'ಏ' ಆಗಿದ್ದವಳು. ಜೇಬಿನ ಚಾವಿ ತೆಗೆದು ಗಾಜಿನ ಕಿಂಡಿಯೊಳಗೆ ಎಸೆದ. ಅವಳು ಡ್ರೈವರ್ ಸೀಟಿಗೆ ಸರಿದಳು. ಒಂದು ದಿನವೂ ಓಡಿಸಿದವಳಲ್ಲ, ಆದರೆ ದಿನಾ ನೋಡಿದ್ದಳು. ಚಾವಿ ತಿರುಗಿಸಿದರೆ ಎಂಜಿನ್ ಏಳಲಿಲ್ಲ. ಹಿಡಿಕೆ ಡಿಯಲ್ಲಿದೆ ಎಂಬುದು ಆಗ ನೆನಪಾಯಿತು. ಸಂಜೆ ಸಂಜೆ ದೂಡಿದಂತೆ ಪಿಗೆ ದೂಡಿದಳು. ಕಟ್. ಮತ್ತೆ ತಿರುಗಿಸಿದಳು, ಎಂಜಿನ್ ಎದ್ದಿತು. ಬಲಗಾಲನ್ನು ಬ್ರೇಕಿನ ಮೇಲೆ ಗಟ್ಟಿಯಾಗಿ ಊರಿ ಹಿಡಿಕೆಯನ್ನು ಆರ್‌ಗೆ ತಂದಳು. ಕಾಲು ಎತ್ತಿ, ಆಕ್ಸಿಲರೇಟರನ್ನು ಹೆದರುತ್ತ ಹೆದರುತ್ತ ಮುಟ್ಟಿದಳು. ಕಾರು ಏದುಸಿರು ಬಿಡುತ್ತ ಎರಡು ಮಾರು ಹಿಂದಕ್ಕೆ ಬಂತು. ಮತ್ತೆ ಬ್ರೇಕ್ ಒತ್ತಿ ಹಿಡಿದಳು.

ಖಂಡೆಪ್ಪ ಕಟ್ಟೆಗೆ ಬೆನ್ನು ಒರಗಿಸಿಕೊಂಡೇ ಕುಸಿದು ಕುಳಿತ. ಕಾಲುಗಳು ಇರಬಾರದ ಕಡೆಗೆ ತಿರುಗಿ ಬಿದ್ದಿದ್ದವು. ಸುನಂದಾ ಅವನನ್ನು ಬದುಕಿಸಲೆಂದೇ ಹಿಂದೆ ತೆಗೆದದ್ದು, ಅದರಲ್ಲಿ ಸುಳ್ಳಿಲ್ಲ. ಇನ್ನು ಇವನು ಮಗಳ ಹಿಂದೆ ಓಡಲಾರ, ಅಷ್ಟು ಸಾಕು, ಯಾರನ್ನಾದರೂ ಕರೆದು ಆಸ್ಪತ್ರೆಗೆ ಸಾಗಿಸೋಣ ಎಂದೇ ಯೋಚಿಸಿದಳು. ಅವನು ಅಷ್ಟಕ್ಕೆ ಸುಮ್ಮನಿದ್ದಿದ್ದರೆ ಈ ಕಥೆ ಆಸ್ಪತ್ರೆಯಲ್ಲಿ ಮುಗಿಯುತ್ತಿತ್ತು.

ಆದರೆ ಕಾರು ಹಿಂದೆ ಸರಿದದ್ದೇ ತಡ, ಅವನ ದನಿ ಹಳೆಯ ದನಿಯಾಯಿತು. ತಾನು ಹೇಳಿದ್ದು ನಡೆಯಿತಲ್ಲ, ಅಂದರೆ ಆಕೆ ಇನ್ನೂ ಹೆದರುತ್ತಾಳೆ ಎಂದುಕೊಂಡ.

"ಕಾಲು ಕೂಡ್ಲಿ ತಡಿ, ರಂಡೆ. ಮದಲ ನಿನ್ನ ಕಣ್ಣ ಮುಂದ ಅಕಿದು ಇನ್ನೊಂದು ಕೈ ಮುರೀತೀನಿ. ಆಮ್ಯಾಲ ನಿಂದು. ಎಲ್ಲಿ ಬಚ್ಚಿಡ್ತಿ ಇಡು, ಹುಡುಕಿ ತರ್ತೀನಿ."

ತರುತ್ತಾನೆ. ಅದು ಸುನಂದಾಗೆ ಗೊತ್ತಿತ್ತು. ಅವನು ಹೊಡೆಯುತ್ತೇನೆಂದು ಹೇಳಿ ಹೊಡೆಯದೆ ಬಿಟ್ಟ ದಿನವೇ ಇರಲಿಲ್ಲ. ಪ್ಲಾಸ್ಟರಿನಲ್ಲಿದ್ದ ಮಗಳ ಎಡಗೈ ಕಣ್ಣ ಮುಂದೆ ಬಂತು, ಆಮೇಲೆ ಬಲಗೈ ಬಂತು, ಸ್ಲೇಟಿನ ಮೇಲೆ ಬಳಪ ಹಿಡಿದ ಕೈ. ಅವಳ ಹೆದರಿಕೆಯೆಲ್ಲ ಹೊರಟು ಹೋಗಿ ಆ ಜಾಗದಲ್ಲಿ ಸಿಟ್ಟು, ಬರೀ ಸಿಟ್ಟು ತುಂಬಿತು. ಕೈ ತಾನಾಗಿ ಹಿಡಿಕೆಯನ್ನು ಡಿಗೆ ತಂದಿತು. ಯಾವ ಕಡ್ಡಿಯೂ ಅಡ್ಡ ಬರಲಿಲ್ಲ. ಆ ಗಾಡಿಯಲ್ಲಿ ಉಳಿದಿದ್ದ ಲಾಕ್ ಒಂದೇ, ಬ್ರೇಕಿನ ಮೇಲಿದ್ದ ಅವಳ ಬಲಗಾಲು.

ಅದನ್ನು ಎತ್ತಿದಳು.

ಆಟೋಮ್ಯಾಟಿಕ್ ಗಾಡಿಗೆ ಆಕ್ಸಿಲರೇಟರ್ ಬೇಕಿಲ್ಲ, ಬ್ರೇಕ್ ಬಿಟ್ಟರೆ ತಾನೇ ಹೊರಡುತ್ತದೆ. ಇಳಿಜಾರೂ ಜೊತೆಗಿತ್ತು. ಖಂಡೆಪ್ಪ ಕೈ ಅಡ್ಡ ಹಿಡಿದು "ಬ್ರೇಕ್! ಬ್ರೇಕ್ ಒತ್ತು!" ಎಂದು ಕಿರುಚಿದ. ಬಂಪರು ಅವನ ಎದೆಯನ್ನು ಕಟ್ಟೆಗೆ ಅಮುಕಿತು. ಪಕ್ಕೆಲುಬು ಮುರಿದವು, ಬಾಯಿಂದ ರಕ್ತ ಬಾನೆಟ್ಟಿನ ಮೇಲೆ ಹಾರಿತು, ಕಣ್ಣು ತೆರೆದೇ ಉಳಿದವು. ಎಂಜಿನ್ ಇನ್ನೂ ಒತ್ತುತ್ತಲೇ ಇತ್ತು. ಅವಳು ಮುಖ ತಿರುಗಿಸಲಿಲ್ಲ. ಅವನ ಕೈಗಳು ಜೋತು ಬಿದ್ದ ಮೇಲೆ ಬ್ರೇಕ್ ಒತ್ತಿ, ಹಿಡಿಕೆಯನ್ನು ಪಿಗೆ ದೂಡಿ, ಎಂಜಿನ್ ನಿಲ್ಲಿಸಿದಳು. ಬಾಗಿಲು ತೆರೆದು ರಸ್ತೆಯ ಬದಿಯಲ್ಲಿ ಕೂತು ವಾಂತಿ ಮಾಡಿದಳು. ಆಮೇಲೆ ಬಿಕ್ಕಿ ಬಿಕ್ಕಿ ಅತ್ತಳು; ಗಂಡನಿಗಾಗಿ ಅಲ್ಲ, ಇಷ್ಟು ವರ್ಷಗಳಿಗಾಗಿ.

ಆಡು ಕಾಯುವವರು ನೋಡಿ ಫೋನ್ ಮಾಡಿದರು. ಪೊಲೀಸರು ಬಂದರು. ಸಬ್ ಇನ್‌ಸ್ಪೆಕ್ಟರಿಗೂ ಮನೆಯಲ್ಲಿ ಇಂಥದೇ ಗಾಡಿ ಇತ್ತು. ಅವರು ಒಳಗೆ ಬಗ್ಗಿ, ಬ್ರೇಕ್ ಮುಟ್ಟದೆ ಹಿಡಿಕೆ ಎಳೆದು ನೋಡಿದರು. ಸರಾಗವಾಗಿ ಬಂತು. ಸುನಂದಾಳ ಮುಚ್ಚಿದ ಕಣ್ಣನ್ನೂ ಜಜ್ಜಿದ ಭುಜವನ್ನೂ ಸೀಟಿನ ಮೇಲಿದ್ದ ಕಲ್ಲನ್ನೂ ಒಂದೊಂದಾಗಿ ನೋಡಿದರು.

"ಇದಕ್ಕ ಒಂದು ಲಾಕ್ ಇರ್ತದಲ್ಲಮ್ಮ. ಅದೆಲ್ಲಿ?"

"ಅವರೇ ತಗಿಸ್ಯಾರ್ರೀ," ಎಂದಳು ಸುನಂದಾ. "ಮಿಸ್ತ್ರಿ ಬ್ಯಾಡ ಅಂದ್ರೂ ಕೇಳಲಿಲ್ಲ."

ಅವರು ಹಿಡಿಕೆಯನ್ನು ಮತ್ತೆ ಪಿಗೆ ದೂಡಿದರು. ಆಮೇಲೆ ಅವಳನ್ನು ಕಮಲಾಪುರದ ಆಸ್ಪತ್ರೆಗೆ ಒಯ್ದು ಪಟ್ಟಿ ಕಟ್ಟಿಸಿ, ಹೇಳಿಕೆ ಬರೆದುಕೊಂಡು, ಕರೆದಾಗ ಬರಬೇಕೆಂದು ಹೇಳಿ, ಜೀಪಿನಲ್ಲೇ ತಾಯಿಯ ಮನೆಗೆ ಬಿಟ್ಟರು.

ಚಂದಮ್ಮ ಅಂಗಳದಲ್ಲಿ ಕೆಂಪು ಬಾಳೆಯ ಗೊನೆಗಳಿಗೆ ಒಣ ಎಲೆ ಸುತ್ತುತ್ತಿದ್ದಳು. ಜೀಪಿನಿಂದ ಇಳಿದ ಮಗಳ ಮುಖ ನೋಡಿ ಬಾಯಿಗೆ ಸೆರಗು ಒತ್ತಿಕೊಂಡಳು. ಕೂಸು ಎಲ್ಲಿಯೂ ಇರಲಿಲ್ಲ. ಗಾಡಿಯ ಸದ್ದು ಕೇಳಿದ ಕೂಡಲೇ ಒಳಗೆ ಓಡಿತ್ತು. ಸುನಂದಾ ಹೊಸಿಲು ದಾಟಿ ಒಳಗೆ ಹೋದಳು. ಬಾಗಿಲ ಸಂದಿಯಲ್ಲಿ ಬಿಳಿಯ ಪ್ಲಾಸ್ಟರಿನ ತುದಿ ಕಾಣುತ್ತಿತ್ತು.

"ಅಪ್ಪ ಬಂದಾನೇನು?" ಎಂದು ಸಂದಿಯಿಂದ ಸಣ್ಣ ದನಿ ಕೇಳಿತು. ಕೈ ಮುರಿದಂದಿನಿಂದ ಅಂಬಿಕಾ ಆಡಿದ ಮೊದಲ ಮಾತು ಅದು.

ಸುನಂದಾ ನೋವಾಗುತ್ತಿದ್ದ ಮೈಯನ್ನು ಹಾಗೇ ನೆಲಕ್ಕೆ ಇಳಿಸಿ, ಬಾಗಿಲಿನ ಎದುರು ಕೂತಳು.

"ಇಲ್ಲವ್ವಾ. ನಾ ಒಬ್ಬಾಕೇ ಬಂದೀನಿ. ಹೊರಗ ಬಾ."